ಕಲೆಯೂ ಗೆಡ್ಡೆಯೂ

ಕನ್ನಡದಲ್ಲಿ ‘ಕಲೆ’ ಎಂಬ ಒಂದೇ ರೂಪದ ಎರಡು ಮಾತುಗಳಿವೆ. ಬಟ್ಟೆಗೆ ಹತ್ತಿಕೊಂಡು ಎಷ್ಟು ಒಗೆದರೂ ಹೋಗದಿರುವುದು ಒಂದು. ಚಿತ್ರದಲ್ಲಿ, ಸಂಗೀತದಲ್ಲಿ ನಾವು ಮೆಚ್ಚುವುದು ಇನ್ನೊಂದು. ಮೊದಲನೆಯದು ಮನೆಯ ಮಾತು, ಎರಡನೆಯದು ಸಂಸ್ಕೃತದಿಂದ ಬಂದ ಅತಿಥಿ. ಇಬ್ಬರೂ ಒಂದೇ ವೇಷದಲ್ಲಿ ಓಡಾಡುವುದು ಆಕಸ್ಮಿಕವೇ ಸರಿ; ಆದರೂ ರಸಿಕರಿಗೆ ಇದರಿಂದ ಲಾಭವುಂಟು. ಚಂದ್ರನ ಮೈಮೇಲಿನ ಕಪ್ಪು ಅವನ ಸೊಬಗನ್ನು ಹೆಚ್ಚಿಸುತ್ತದೆಂದು ಕಾಳಿದಾಸನು ‘ಶಾಕುಂತಲ’ದಲ್ಲಿ ದುಷ್ಯಂತನಿಂದ ಹೇಳಿಸಿದ್ದಾನೆ. ತರಗತಿಯಲ್ಲಿ ಆ ಭಾಗ ಬಂದಾಗ ಹಿಂದಿನ ಬೆಂಚಿನವರೂ ಒಮ್ಮೆ ತಲೆಯೆತ್ತುತ್ತಾರೆ. ಆದರೆ ಚಂದ್ರನಿಗೆ ತನ್ನ ಕಲೆಯಿಂದ ನೋವಿಲ್ಲವಷ್ಟೆ. ಕಲೆಯೇ ಕಾಯಿಲೆಯಾಗಿ, ಆ ಕಾಯಿಲೆಯೇ ನೋಡುವವರ ಕಣ್ಣಿಗೆ ಚೆಲುವಾಗಿ ಕಂಡರೆ ಆಗ ಏನು ಹೇಳೋಣ?

ಹಾಲೆಂಡಿನ ಟ್ಯೂಲಿಪ್ ಹೂವಿನ ಕಥೆ ಇಂಥದು. ಹದಿನೇಳನೆಯ ಶತಮಾನದಲ್ಲಿ ಅಲ್ಲಿನ ಧನಿಕರು ಒಂದೇ ಬಣ್ಣದ ಹೂವನ್ನು ಅಷ್ಟಾಗಿ ಲೆಕ್ಕಿಸುತ್ತಿರಲಿಲ್ಲ. ಬಿಳಿಯ ಮೇಲೆ ಕೆಂಪು ಜ್ವಾಲೆ ಎದ್ದಂತೆ ಗೆರೆಗೆರೆಯಾದ ಹೂವಿಗೆ ಪ್ರಾಣ ಬಿಡುತ್ತಿದ್ದರು. ‘ಸೆಂಪರ್ ಆಗಸ್ಟಸ್’ ಎಂಬ ತಳಿಯ ಒಂದು ಗೆಡ್ಡೆಗೆ ಮನೆಯೊಂದರ ಬೆಲೆ ಕೇಳುತ್ತಿದ್ದರಂತೆ. ೧೬೩೭ರ ಫೆಬ್ರವರಿಯಲ್ಲಿ ಬೆಲೆ ಕುಸಿದು ವ್ಯಾಪಾರದ ಹುಚ್ಚು ಇಳಿಯಿತು. ಗೆರೆಗಳ ಮೋಹ ಇಳಿಯಲಿಲ್ಲ. ಗೆರೆ ಬಂದ ಗಿಡ ವರ್ಷ ವರ್ಷಕ್ಕೆ ಸೊರಗುವುದನ್ನು ಲೈಡನ್ನಿನ ಸಸ್ಯೋದ್ಯಾನವನ್ನು ಬೆಳೆಸಿದ ಕ್ಲೂಸಿಯಸ್ ಪಂಡಿತನು ಅದಕ್ಕೆ ಎಷ್ಟೋ ಮುಂಚೆಯೇ ಕಂಡಿದ್ದ. ಸಾಯುವ ಮುನ್ನ ಒಡೆಯನ ಕಣ್ಣಿಗೆ ಹಬ್ಬ ಮಾಡಿ ಬೀಳ್ಕೊಳ್ಳುತ್ತಿದೆಯೋ ಎಂಬಂತೆ ಅವನಿಗೆ ತೋರಿತ್ತು. ನಿಜವಾದ ಕಾರಣ ತಿಳಿದದ್ದು ೧೯೨೮ರಲ್ಲಿ, ಇಂಗ್ಲೆಂಡಿನ ಡೊರೊಥಿ ಕೇಲಿ ಎಂಬಾಕೆಯ ಪ್ರಯೋಗಗಳಿಂದ. ಗೆರೆಗಳು ಒಂದು ನಂಜಾಣುವಿನ, ಎಂದರೆ ವೈರಸ್ಸಿನ, ಕೆಲಸ. ದಳಕ್ಕೆ ಬಣ್ಣ ತುಂಬುವ ದ್ರವ್ಯ ಅಲ್ಲಲ್ಲಿ ಹುಟ್ಟದಂತೆ ಅದು ತಡೆಯುತ್ತದೆ. ಅಡಿಯ ಬಿಳಿಯೋ ಹಳದಿಯೋ ಇಣುಕುತ್ತದೆ. ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುವುದು ಗಿಡಹೇನು.

ಇಷ್ಟು ದೂರದ ಹೂವೇಕೆ, ನಮ್ಮ ಕೋಲಾರದ ಕಡೆಗೇ ಬರೋಣ. ಬೇಸಗೆಯಲ್ಲೂ ಹರಿಯುವ ಹೊಳೆಯೊಂದಿಲ್ಲದ ಈ ಸೀಮೆಯಲ್ಲಿ ಕೊಳವೆಬಾವಿಯ ನೀರನ್ನು ನಂಬಿ ಬೆಂಗಳೂರಿಗಾಗಿ ಹೂ ಬೆಳೆಯುತ್ತಾರೆ. ಸೇವಂತಿಗೆ, ಚೆಂಡುಹೂವು, ಗುಲಾಬಿಗಳೊಡನೆ ಮದುವೆಮಂಟಪದ ಹೂದಾನಿಗಳಿಗೆ ಬೇಕಾಗುವ ಗ್ಲಾಡಿಯೋಲಸ್ ಕೂಡ ಇದೆ. ಅದಕ್ಕೆ ತಗಲುವ ನಂಜುಗಳಲ್ಲಿ ಒಂದು ಸೌತೆಗಿಡದ ಹೆಸರು ಹೊತ್ತ ಮೊಸಾಯಿಕ್ ರೋಗ. ಅದು ಸಾವಿರಕ್ಕೂ ಮಿಕ್ಕಿದ ಜಾತಿಯ ಗಿಡಗಳಲ್ಲಿ ಬದುಕಬಲ್ಲುದು. ಮುಳಬಾಗಿಲು, ಶ್ರೀನಿವಾಸಪುರಗಳ ಕಡೆಯ ಟೊಮೇಟೊ ಸಹ ಅದರ ನೆಂಟನೇ. ಎಲೆಯ ಮೇಲೆ ತಿಳಿಹಸುರು, ಕಡುಹಸುರು ಬೆರೆತ ಮಚ್ಚೆಗಳು. ಎಷ್ಟೋ ಸಲ ಹೂವಿನಲ್ಲಿ ಬಿಳಿಯ ಸೀಳುಗಳು. ಆ ಸೀಳುಗಳು, ಸುಳ್ಳೇಕೆ ಹೇಳಲಿ, ಚೆನ್ನಾಗಿಯೇ ಕಾಣುತ್ತವೆ.

ಈ ರೋಗದಲ್ಲಿ ಬಯ್ಯಲು ಯಾರೂ ಸಿಗುವುದಿಲ್ಲ. ಹೇನು ಎಲೆಯ ಮೇಲೆ ಕೂತು, ರುಚಿ ನೋಡಲೆಂದು ಸೂಜಿಮೂತಿಯನ್ನು ಚುಚ್ಚುತ್ತದೆ. ಕೆಲವು ಸೆಕೆಂಡುಗಳು ಸಾಕು, ನಂಜು ಮೂತಿಗೆ ಅಂಟುತ್ತದೆ. ಹಿಡಿಸದೆ ಪಕ್ಕದ ಗಿಡಕ್ಕೆ ಹಾರಿ ಅಲ್ಲಿ ಚುಚ್ಚಿದರೆ ಮುಗಿಯಿತು. ಔಷಧಿ ಹೊಡೆದರೆ ಹೇನು ಸಾಯುತ್ತದೆ ನಿಜ, ಆದರೆ ಸಾಯುವುದಕ್ಕೆ ಮುಂಚೆಯೇ ಅದರ ಕೆಲಸ ಆಗಿಹೋಗಿರುತ್ತದೆ. ರೋಗ ಹತ್ತಿದ ಗಿಡಕ್ಕೆ ಮದ್ದಿಲ್ಲ. ಉಳಿದ ದಾರಿಯೆಂದರೆ ಮಚ್ಚೆ ಕಂಡೊಡನೆ ಗೆಡ್ಡೆಸಮೇತ ಕಿತ್ತು ಹೊಲದಿಂದಾಚೆ ಸುಡುವುದು. ಬೆಳೆಗಾರ ಹೀಗೆ ಕೀಳುವಾಗ ನಗರದಿಂದ ಬಂದವರು ಯಾರಾದರೂ ನಿಂತು ನೋಡಿದರೆ, ಇಷ್ಟು ಚೆಂದದ ಹೂವನ್ನು ಕೀಳುತ್ತಾನಲ್ಲ, ಇವನಿಗೆ ರಸಿಕತೆ ಇಲ್ಲವೆಂದು ಮರುಗಿಯಾರು. ನನಗೆ ತೋರುವಂತೆ ರಸಿಕತೆಯಿಲ್ಲದಿರುವುದು ಆ ಮರುಕಕ್ಕೆ. ಅದಕ್ಕೆ ಕಾಣುವುದು ದಳ ಮಾತ್ರ. ಮಣ್ಣಿನೊಳಗೆ ಕುಗ್ಗುತ್ತಿರುವ ಗೆಡ್ಡೆ ಕಾಣದು. ಚೆಲುವನ್ನು ಸವಿಯುವವನೊಬ್ಬ, ಅದರ ಬೆಲೆ ತೆರುವವನೊಬ್ಬ ಎಂಬ ಏರ್ಪಾಡಿಗೆ ನಾವು ಎಷ್ಟು ಒಗ್ಗಿಹೋಗಿದ್ದೇವೆ! ಇದೇ ಜಿಲ್ಲೆಯ ಗಣಿಗಳಿಂದ ೨೦೦೧ರಲ್ಲಿ ಅವು ಮುಚ್ಚುವವರೆಗೆ ನೂರಿಪ್ಪತ್ತು ವರ್ಷ ಚಿನ್ನ ಬಂತು. ಒಡವೆ ನೋಡಿ ಮೆಚ್ಚಿದವರಲ್ಲಿ, ಕಲ್ಲಿನ ದೂಳು ಗಣಿಯವರ ಪುಪ್ಪುಸದಲ್ಲಿ ಕೂತದ್ದನ್ನು ನೆನೆದವರೆಷ್ಟು ಮಂದಿ? ಮುಳಬಾಗಿಲಿನಲ್ಲಿ ಹುಟ್ಟಿದ ಡಿ.ವಿ.ಜಿ.ಯವರು ತಮ್ಮ ಬಾಳು ವನಸುಮದಂತೆ ಅರಳಲೆಂದು ಬೇಡಿದರು. ಕಾಡಿನ ಹೂವಿಗೆ ಹೊಗಳುವವರಿಲ್ಲ. ಅದರ ಚೆಲುವಿನ ಖರ್ಚೂ ಅದರದೇ, ಸುಖವೂ ಅದರದೇ.

ಹಾಗೆಂದು ಕೀಳುವ ನ್ಯಾಯವನ್ನು ಹೊಲದ ಬದುವಿನಿಂದಾಚೆ ಒಯ್ಯಬಾರದು. ಹಲವರ ಹಿತಕ್ಕೆ ರೋಗಿಯೊಬ್ಬನನ್ನು ತೆಗೆದುಹಾಕುವುದೇ ಧರ್ಮವೆಂದು ಮನುಷ್ಯರ ವಿಷಯದಲ್ಲಿ ವಾದಿಸಿದವರುಂಟು. ಅಂಥವರ ಕೈಗೆ ಅಧಿಕಾರ ಬಂದಾಗ ಏನಾಯಿತೆಂಬುದನ್ನು ಕಳೆದ ಶತಮಾನ ಯೂರೋಪಿನಲ್ಲಿ ಕಂಡಿದೆ. ಗಿಡ ಬೆಳೆಗಾರನದು, ಮನುಷ್ಯ ಯಾರ ಬೆಳೆಯೂ ಅಲ್ಲ.

ಬೆಳೆಗಾರನಿಗೂ ಅವನದೇ ಆದ ಕಠಿಣ ಗಳಿಗೆಯೊಂದಿದೆ, ಅದು ಕೀಳುವ ಗಳಿಗೆಯಲ್ಲ. ಮಚ್ಚೆ ಕಂಡ ಗಿಡವನ್ನು ಕೀಳದೆ ಬಿಟ್ಟನೆನ್ನಿ. ಹೂಗೊನೆ ಮಾರಿಹೋಗಿ ನಾಲ್ಕು ಕಾಸು ಕೈಗೆ ಬರುತ್ತದೆ. ಎಲೆ ಒಣಗಿದ ಮೇಲೆ ಗೆಡ್ಡೆ ಅಗೆದು, ನೆರಳಿನಲ್ಲಿ ಆರಿಸಿ, ಮುಂದಿನ ನಾಟಿಗೆಂದು ಇಡುತ್ತಾನೆ. ಗ್ಲಾಡಿಯೋಲಸ್ ಹೆಚ್ಚುವುದು ಹೀಗೆ, ಗೆಡ್ಡೆಯಿಂದ ಗೆಡ್ಡೆಗೆ. ನಂಜೂ ಅದರೊಡನೆಯೇ ಹೋಗುತ್ತದೆ. ಪಕ್ಕದ ಊರಿನವನೊಬ್ಬ ಬಿತ್ತನೆಗೆ ಕೇಳಿಕೊಂಡು ಬರುತ್ತಾನೆ. ಒಣಗಿದ ಗೆಡ್ಡೆಯ ಮೇಲೆ ಮಚ್ಚೆಯಿಲ್ಲ, ಸೀಳಿಲ್ಲ; ಬಂದವನು ಎಷ್ಟು ಹೊರಳಿಸಿ ನೋಡಿದರೂ ಅವನಿಗೆ ಏನೂ ತಿಳಿಯದು. ಕಳೆದ ಬೆಳೆಯ ಎಲೆಯನ್ನು ಕಂಡದ್ದು ಕೊಡುವವನ ಕಣ್ಣು ಮಾತ್ರ. ಬಂದವನು ಚೀಲ ಹಿಡಿದು ಕಾದಿದ್ದಾನೆ.