ಊರ ದಂಡ, ಸಭೆಯ ಶಿಸ್ತು

ಹೊರಗೆ ಹಾಕುವುದು ಅಂದರೆ ಏನು ಅಂತ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾವು ಹುಟ್ಟಿದ್ದೇ ಊರ ಹೊರಗೆ. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ನಮ್ಮ ಹುಡುಗನೊಬ್ಬ ಉತ್ಸವದ ದೇವರ ಕೋಲು ಮುಟ್ಟಿದ. ಊರ ದೊಡ್ಡವರು ಕೂತು 60 ಸಾವಿರ ರೂಪಾಯಿ ದಂಡ ಹಾಕಿದರು. ಕಟ್ಟದಿದ್ದರೆ ಊರೊಳಗೆ ಕಾಲಿಡಬೇಡಿ ಅಂದರು. ಆ ಮನೆಯವರು ಗೋಡೆಯ ಮೇಲಿನ ದೇವರ ಪಟ ತೆಗೆದು ಅಂಬೇಡ್ಕರರ ಪಟ ಇಟ್ಟರು. ಊರವರ ಪ್ರಕಾರ ಅದೂ ಶಿಸ್ತೇ. ತಪ್ಪು, ಪಂಚಾಯ್ತಿ, ದಂಡ, ಬಹಿಷ್ಕಾರ ಎಲ್ಲ ಇತ್ತು. ದಂಡ ಹಾಕಿದವನನ್ನು ಅದೇ ಕಟ್ಟೆಯ ಮೇಲೆ ನಿಲ್ಲಿಸಿ ಕೇಳುವ ಹಕ್ಕು ಮಾತ್ರ ನಮಗೆ ಇರಲಿಲ್ಲ.

ಹೀಗಿರುವಾಗ ನಮ್ಮ ಕೇರಿಯ ಕ್ರೈಸ್ತ ಬಂಧುಗಳು 'ಸಭಾಶಿಸ್ತು' ಅಂದ ಕೂಡಲೇ ನಮಗೆ ಮೈ ಉರಿಯುತ್ತದೆ. ಆದರೂ ಅದನ್ನು ಪುರೋಹಿತಶಾಹಿ ಎಂದು ಒಂದೇ ಮಾತಲ್ಲಿ ತಳ್ಳಿಬಿಡಲು ನಮಗೆ ಮನಸ್ಸು ಒಪ್ಪಲಿಲ್ಲ. ಕುಡಿದು ಹೆಂಡತಿಗೆ ಹೊಡೆದವನನ್ನು ವೇದಿಕೆ ಹತ್ತಿಸಬೇಕೋ ಬೇಡವೋ ಅಂತ ನಮ್ಮ ಸಂಘದಲ್ಲೇ ಬೆಳಗಿನ ಜಾವದವರೆಗೆ ಜಗಳ ಆಡಿದ್ದೇವೆ. ಸೇರಿದವರು ಏನು ಮಾಡಿದರೂ ನಡೆಯುತ್ತದೆ ಅಂದರೆ ಅದು ಸಂಘಟನೆಯಲ್ಲ, ಸಂತೆ. ಹಾಗಾದರೆ ಸಭೆಯ ಶಿಸ್ತಿಗೂ ಊರ ದಂಡಕ್ಕೂ ವ್ಯತ್ಯಾಸ ಎಲ್ಲಿದೆ?

ಮತ್ತಾಯನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ಒಂದು ಕ್ರಮ ಇದೆ. ತಪ್ಪು ಮಾಡಿದವನ ಹತ್ತಿರ ಮೊದಲು ಒಬ್ಬನೇ ಹೋಗಿ ಹೇಳಬೇಕು. ಕೇಳದಿದ್ದರೆ ಇನ್ನೊಬ್ಬರನ್ನೋ ಇಬ್ಬರನ್ನೋ ಕರೆದುಕೊಂಡು ಹೋಗಬೇಕು. ಆಗಲೂ ಕೇಳದಿದ್ದರೆ ಸಭೆಯ ಮುಂದೆ ಇಡಬೇಕು. ಸಭೆಯನ್ನೂ ಕೇಳದಿದ್ದರೆ ಅವನನ್ನು ಅನ್ಯನಂತೆ, ಸುಂಕದವನಂತೆ ಎಣಿಸಬೇಕು. ನಮ್ಮ ಕಣ್ಣಿಗೆ ಬಿದ್ದದ್ದು ಇಷ್ಟು: ಮೊದಲ ಹೆಜ್ಜೆ ಇಡುವವನು ಪಾದ್ರಿಯಲ್ಲ, ಹಿರಿಯನಲ್ಲ, ನೊಂದವನು. ಎಷ್ಟು ಬಡವನಾದರೂ ಸರಿ, ಧಣಿಯ ಬಾಗಿಲಿಗೆ ಹೋಗಿ 'ನೀನು ನನಗೆ ಅನ್ಯಾಯ ಮಾಡಿದ್ದೀಯ' ಅನ್ನಬಹುದು. ಇನ್ನು ಆ ಕಡೆಯ ಮಾತು. ಸುಂಕದವರ ಜೊತೆ ಕೂತು ಉಂಡವನೇ ಯೇಸು. ಅದನ್ನು ಬರೆದನೆಂದು ಹೇಳುವ ಮತ್ತಾಯನೇ ಸುಂಕದವನು! ಹೊರಗಿಟ್ಟವನ ಮನೆಗೆ ಊಟಕ್ಕೆ ಹೋಗುವ ಬಾಗಿಲು ಆ ಕ್ರಮದೊಳಗೇ ಇದೆ.

ಕೋಲಾರಕ್ಕೆ ಈ ಶಿಸ್ತು ಬಂದದ್ದು ಬರಗಾಲದ ಹಿಂದೆ. 1876-78ರ ಬರದಲ್ಲಿ ತಬ್ಬಲಿಯಾದ ಮಕ್ಕಳನ್ನು ಮಿಸ್ ಆನ್‌ಸ್ಟೀ ಎಂಬ ಇಂಗ್ಲಿಷ್ ಹೆಂಗಸು ಸಾಕಿದರು. 1890ರಲ್ಲಿ ಆ ಕೆಲಸ ಅಮೆರಿಕದ ಮೆಥಡಿಸ್ಟ್ ಎಪಿಸ್ಕೋಪಲ್ ಮಿಷನ್ನಿನ ಕೈಗೆ ಬಂತು. ಗಂಜಿಯ ಜೊತೆಗೆ ಅಕ್ಷರ ಕೊಟ್ಟರು, ಆಮೇಲೆ ಆಸ್ಪತ್ರೆ ಕಟ್ಟಿದರು. ಮೆಥಡಿಸ್ಟರು ತಮ್ಮ ನಿಯಮದ ಪುಸ್ತಕಕ್ಕೆ ಇಟ್ಟ ಹೆಸರೇ 'ಡಿಸಿಪ್ಲಿನ್'. 1742ರಲ್ಲಿ ಬ್ರಿಸ್ಟಲ್ ಪಟ್ಟಣದಲ್ಲಿ ಜಾನ್ ವೆಸ್ಲಿ ಸದಸ್ಯರನ್ನು ಹನ್ನೆರಡರ ಗುಂಪು ಮಾಡಿ, ವಾರಕ್ಕೊಂದು ಪೆನ್ನಿ ಎತ್ತಿಸಿ, ಒಬ್ಬರ ಬದುಕಿಗೆ ಇನ್ನೊಬ್ಬರು ಜವಾಬುದಾರರು ಎನ್ನುವಂತೆ ಮಾಡಿದ. ಅದೇ ಶಿಸ್ತು ಅಮೆರಿಕಕ್ಕೆ ಹೋದಾಗ, 1784ರಲ್ಲಿ, ಗುಲಾಮರನ್ನು ಇಟ್ಟುಕೊಂಡ ಸದಸ್ಯರು ಅವರನ್ನು ಬಿಡಬೇಕು ಅಂತ ನಿಯಮ ಮಾಡಿದರು. ಒಂದು ವರ್ಷ ಕೂಡ ತಡೆಯಲಿಲ್ಲ, 1785ರಲ್ಲೇ ಅದನ್ನು ಬದಿಗಿಟ್ಟರು. ಜಮೀನ್ದಾರರು ಗುರುಗುಟ್ಟಿದ್ದರು, ಮತ್ತೇನು! ಕಡೆಗೆ 1844ರಲ್ಲಿ ಗುಲಾಮರಿದ್ದ ಒಬ್ಬ ಬಿಷಪ್ಪನ ವಿಷಯಕ್ಕೇ ಸಭೆ ಎರಡು ಹೋಳಾಯಿತು. ಆ ಬಿಷಪ್ಪನನ್ನು ಪ್ರಶ್ನಿಸಿದ ಉತ್ತರದ ಹೋಳೇ ನಮ್ಮ ಕೋಲಾರಕ್ಕೆ ಬಂದದ್ದು. ಧಣಿಯನ್ನೂ ಕೇಳಬಹುದು ಎಂಬುದು ಅದಕ್ಕೆ ಗೊತ್ತಿತ್ತು. ಜಾತಿಯ ವಿಷಯ ಕೂಡ ಹೊಸದೇನಲ್ಲ. 1850ರಲ್ಲಿ ಮದರಾಸಿನ ಮಿಷನರಿಗಳು ಒಟ್ಟಾಗಿ, ಪರೆಯರು ಮಾಡಿದ ಅಡಿಗೆ ಉಣ್ಣದವರನ್ನು ಸಭೆಗೆ ಸೇರಿಸಬಾರದು ಅಂತ ಬರೆದಿದ್ದರು.

ಈಗ ನಮ್ಮ ಚಿಕ್ಕಮ್ಮನ ವಿಷಯ. ಶ್ರೀನಿವಾಸಪುರದ ಕಡೆ ಮಾವಿನ ತೋಪಿನಲ್ಲಿ ಕೂಲಿ. ಮದುವೆಯಾದ ಮೇಲೆ ದೀಕ್ಷಾಸ್ನಾನ ಆದವಳು. ಭಾನುವಾರ ತಪ್ಪಿಸಿದವಳಲ್ಲ. ಮಗನ ಕಾಲೇಜಿಗೆ ಜಾತಿ ಸರ್ಟಿಫಿಕೇಟು ಬೇಕಾಯಿತು. ಹಿಂದೂ, ಮಾದಿಗ ಅಂತ ಬರೆಸಿದಳು. ವಿಷಯ ಅವಳು ಹೋಗುವ ಸಭೆಗೆ ಮುಟ್ಟಿತು. ಕರ್ತನ ಭೋಜನಕ್ಕೆ ಮುಂದೆ ಬರಬೇಡ ಅಂದರು. ಯಾರೂ ಒಬ್ಬರೇ ಬಂದು ಮಾತಾಡಲಿಲ್ಲ, ಇಬ್ಬರಾಗಿಯೂ ಬರಲಿಲ್ಲ. ನೇರ ತೀರ್ಪು. "ನಾನೇನು ಕದ್ದೆನಾ ಅಯ್ನೋರೇ? ಹುಡುಗನ ಫೀಜು ನೀವು ಕಟ್ತೀರಾ?" ಅಂತ ಕೇಳಿದಳಂತೆ. ಆಮೇಲೆ ಕಡೇ ಬೆಂಚಿಗೆ ಹೋಗಿ ಕೂತಳು. ಎಲ್ಲರೂ ರೊಟ್ಟಿ ತಗೊಳ್ಳುವಾಗ ತಲೆಮೇಲೆ ಸೆರಗು ಎಳೆದುಕೊಂಡು ನೆಲ ನೋಡುತ್ತಾಳೆ.

ಅವಳು ಬರೆಸಿದ್ದರಲ್ಲಿ ಸುಳ್ಳೇ ಇಲ್ಲ ಅಂತ ನಾವು ವಾದಿಸುವುದಿಲ್ಲ. ಇದೆ. ಆದರೆ ಆ ಸುಳ್ಳಿನ ಅಚ್ಚು ಎರಕ ಹೊಯ್ದದ್ದು ಯಾರು? 1950ರ ರಾಷ್ಟ್ರಪತಿ ಆದೇಶ, ಹಿಂದೂವಲ್ಲದವನು ಪರಿಶಿಷ್ಟ ಜಾತಿಯವನಲ್ಲ ಅಂತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿದರು. ಕ್ರೈಸ್ತನೂ ಮುಸ್ಲಿಮನೂ ಹೊರಗೇ ಉಳಿದರು. ಕರ್ನಾಟಕದಲ್ಲಿ ಕ್ರೈಸ್ತರಾದ ಪರಿಶಿಷ್ಟರಿಗೆ ಹಿಂದುಳಿದವರ ಪಟ್ಟಿಯಲ್ಲಿ ಜಾಗ ಇದೆ, ನಿಜ. ಆದರೆ ಗೌಡನ ಮಗ ಜಾತಿ ಹಿಡಿದು ಬೈದು ಹೊಡೆದರೆ 1989ರ ದೌರ್ಜನ್ಯ ತಡೆ ಕಾಯ್ದೆ ಅವರ ಕೈಗೆ ಸಿಗುವುದಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಬ್ಬ ಹೆಣ್ಣುಮಗಳ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕ್ರೈಸ್ತ ನಂಬಿಕೆ ನಡೆಸುತ್ತಾ ಮೀಸಲಾತಿಗಾಗಿ ಹಿಂದೂ ಅನ್ನುವುದು ಸಂವಿಧಾನಕ್ಕೆ ಮಾಡುವ ವಂಚನೆ ಎಂದಿತು. ಎಳೆಗೂಸಿನಲ್ಲಿ ಆದ ದೀಕ್ಷಾಸ್ನಾನದ ದಾಖಲೆಯೂ ಅಲ್ಲಿ ಅವಳಿಗೆ ಎದುರಾಗಿ ನಿಂತಿತು. ಸಭೆಯ ಪುಸ್ತಕದಲ್ಲಿ ಹೆಸರು ಬರೆಸುವುದು ಅಂದರೆ ನಮ್ಮ ಜನಕ್ಕೆ ಇಷ್ಟು ದುಬಾರಿ.

ಅದೇ ಸಭೆಯಲ್ಲಿ ಒಬ್ಬ ಹಿರಿಯರಿದ್ದಾರೆ. ಅವರ ಮಗಳನ್ನು ಅದೇ ಸಭೆಯ ಹುಡುಗ ಕೇಳಿದ. ಓದಿದವನು, ಕುಡಿತ ಇಲ್ಲ. ಮಾದಿಗರ ಹಟ್ಟಿಯವನು ಅಂತ ಆಗಲ್ಲ ಅಂದರು. ಬಾಯಿಬಿಟ್ಟೇ ಅಂದರು. ಮುಂದಿನ ಭಾನುವಾರ ರೊಟ್ಟಿಯ ತಟ್ಟೆ ಹಿಡಿದದ್ದೂ ಅವರೇ.

ಅಂತಿಯೋಕ್ಯದಲ್ಲಿ ಹೀಗೇ ಆಗಿತ್ತು. ಅನ್ಯಜನರ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಪೇತ್ರ, ಯೆರೂಸಲೇಮಿನವರು ಬಂದರು ಅಂತ ಎದ್ದು ಬೇರೆ ಕೂತ. ಪೌಲ ಎಲ್ಲರ ಮುಂದೆ ಮುಖಕ್ಕೆ ಹೇಳಿದ. ಪೇತ್ರ ಸಣ್ಣವನಲ್ಲ, ಸಭೆಯ ಕಂಬ. ಪಂಕ್ತಿಭೇದವನ್ನು ಪೌಲ ಬರೀ ಶಿಷ್ಟಾಚಾರದ ಮಾತು ಅಂದುಕೊಳ್ಳಲಿಲ್ಲ, ಸುವಾರ್ತೆಯೇ ಕೆಟ್ಟಿತು ಅಂದುಕೊಂಡ. ನಮ್ಮ ಸಭೆಗಳಲ್ಲಿ ಕುಡಿತಕ್ಕೆ ಶಿಸ್ತು ಇದೆ, ಜಾತ್ರೆಯಲ್ಲಿ ತಮಟೆ ಬಡಿದರೆ ಶಿಸ್ತು ಇದೆ. ಪೇತ್ರನಿಗೆ ಬಿದ್ದ ಶಿಸ್ತು ಯಾರಿಗೆ ಬಿದ್ದದ್ದನ್ನೂ ನಾವು ಕಂಡಿಲ್ಲ.

ದೀಕ್ಷಾಸ್ನಾನದ ನೀರಿನಲ್ಲಿ ಜಾತಿ ತೊಳೆದುಹೋಯಿತು ಅಂತ ಸರ್ಕಾರ ಹೇಳುತ್ತದೆ. ಹೋಗಿಲ್ಲ ಅಂತ ಆ ಹಿರಿಯರು ಮಗಳ ಮದುವೆಯಲ್ಲಿ ಸಾಕ್ಷಿ ಹೇಳಿದ್ದಾರೆ. ಅಂದ ಮೇಲೆ ಚಿಕ್ಕಮ್ಮನ ಸರ್ಟಿಫಿಕೇಟಿನಲ್ಲಿ ಮಾದಿಗ ಎಂಬ ಮಾತು ನಿಜ, ಧರ್ಮದ ಕಾಲಂ ಸುಳ್ಳು. ಸಭೆಯ ಪುಸ್ತಕದಲ್ಲಿ ಕ್ರೈಸ್ತಳು ಎಂಬುದು ನಿಜ, ಎಲ್ಲರೂ ಒಂದೇ ದೇಹ ಎಂಬುದು ಸುಳ್ಳು. ಸಣ್ಣ ಸುಳ್ಳು ಹೇಳಿದ ಕೂಲಿಯವಳನ್ನು ಕಡೇ ಬೆಂಚಿಗೆ ಕಳಿಸಿ, ದೊಡ್ಡ ಸುಳ್ಳಿನ ಕೈಗೆ ತಟ್ಟೆ ಕೊಟ್ಟರೆ ಅದು ಉಳ್ಳೇರಹಳ್ಳಿಯ ಕಟ್ಟೆಯೇ, ಮೇಲೊಂದು ಶಿಲುಬೆ ಅಷ್ಟೆ.

ಕಳೆದ ತಿಂಗಳು ನಾವು ನಾಲ್ಕು ಜನ ಹೋಗಿ ಅಯ್ಯನವರನ್ನು ಕಂಡೆವು. ಒಳ್ಳೆಯ ಮನುಷ್ಯರೇ, ಟೀ ಕೊಟ್ಟರು. ಮತ್ತಾಯನ ಕ್ರಮದ ಹಾಗೆ ಆ ಹುಡುಗ ಹಿರಿಯರ ಮನೆಗೆ ಒಬ್ಬನೇ ಹೋಗಿಬಂದಾಗಿದೆ, ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು, ಈಗ ಎರಡನೇ ಹೆಜ್ಜೆ, ಜೊತೆಗೆ ನೀವು ಬನ್ನಿ ಅಂದೆವು. ಚಿಕ್ಕಮ್ಮನ ವಿಷಯ ಆಮೇಲೆ ಮಾತಾಡೋಣ. ಅಯ್ಯನವರು ತುಂಬ ಹೊತ್ತು ಸುಮ್ಮನಿದ್ದು, ಹಬ್ಬ ಕಳೆಯಲಿ ಅಂದರು. ಯಾವ ಹಬ್ಬ ಅಂತ ನಾವು ಕೇಳಿಕೊಂಡು ಬರಲಿಲ್ಲ. ಮುಂದಿನ ಭಾನುವಾರ ಮತ್ತೆ ಹೋಗುತ್ತೇವೆ.