ಕರಗಿದ ಒಡವೆಯಲ್ಲಿ ಉಳಿಯುವುದೇನು?

ಹಳೆಯ ಒಡವೆಯನ್ನು ಮಾರಲು ಒಯ್ದಾಗ ಅದರ ಬೆಲೆಯನ್ನು ನಿರ್ಧರಿಸುವುದು ಅದರೊಳಗಿನ ಅಪ್ಪಟ ಚಿನ್ನದ ತೂಕವೇ ಹೊರತು ಕುಸುರಿಯ ಅಂದವಲ್ಲ. ಅಪ್ಪಟ ಚಿನ್ನ ಬಹಳ ಮೆದುವಾದ ಲೋಹವಾದ್ದರಿಂದ, ನಿತ್ಯ ತೊಡುವ ಒಡವೆಗೆ ಗಟ್ಟಿತನ ಬರಲೆಂದು ಅಕ್ಕಸಾಲಿಗರು ಅದಕ್ಕೆ ತಾಮ್ರ, ಬೆಳ್ಳಿ ಮೊದಲಾದವನ್ನು ಬೆರೆಸುತ್ತಾರೆ. ಹೀಗೆ ಬೆರೆತ ಲೋಹದಲ್ಲಿ ಚಿನ್ನದ ಪಾಲೆಷ್ಟು ಎಂಬುದನ್ನು 24 ಭಾಗಗಳ ಲೆಕ್ಕದಲ್ಲಿ ಹೇಳುವ ಅಳತೆಯೇ ಕ್ಯಾರೆಟ್. 22 ಕ್ಯಾರೆಟ್‌ನ ಒಡವೆಯಲ್ಲಿ ಸಾವಿರಕ್ಕೆ 916 ಪಾಲು, 18 ಕ್ಯಾರೆಟ್‌ನದರಲ್ಲಿ 750 ಪಾಲು ಚಿನ್ನವಿರುತ್ತದೆ. ಆದ್ದರಿಂದ ಹರಳು, ಅರಗುಗಳನ್ನು ತೆಗೆದ ಮೇಲೆ ಎರಡೂ 10 ಗ್ರಾಂ ತೂಗಿದರೂ ಮೊದಲನೆಯದಕ್ಕೆ 9.16 ಗ್ರಾಂ ಚಿನ್ನದ, ಎರಡನೆಯದಕ್ಕೆ 7.5 ಗ್ರಾಂ ಚಿನ್ನದ ಬೆಲೆ ಸಲ್ಲುತ್ತದೆ. ಕರಗಿಸಿ ಶುದ್ಧಗೊಳಿಸುವ ಖರ್ಚೂ ಅದರಿಂದಲೇ ಕಳೆಯುತ್ತದೆ. ಕೊಳ್ಳುವಾಗ ತೆತ್ತ ಮಜೂರಿಗೆ ಈ ಲೆಕ್ಕದಲ್ಲಿ ಎಡೆಯಿಲ್ಲ. ವ್ಯಾಪಾರದಲ್ಲಿ ಸರಿಯಾದ ಈ ಕ್ರಮವು ತತ್ತ್ವಶಾಸ್ತ್ರದ ಹಳೆಯ ಪ್ರಶ್ನೆಯೊಂದನ್ನು ಒಳಗೊಂಡಿದೆ: ಚಿನ್ನವನ್ನು ಬಿಟ್ಟರೆ ಒಡವೆ ಎಂಬುದು ಏನಾದರೂ ಇದೆಯೆ?

ಛಾಂದೋಗ್ಯ ಉಪನಿಷತ್ತಿನ ಆರನೆಯ ಅಧ್ಯಾಯದಲ್ಲಿ ಉದ್ದಾಲಕ ಆರುಣಿಯು ಮಗ ಶ್ವೇತಕೇತುವಿಗೆ, ಒಂದು ಲೋಹದ ಗಟ್ಟಿಯನ್ನು ಅರಿತರೆ ಆ ಲೋಹದಿಂದಾದ ಎಲ್ಲವನ್ನೂ ಅರಿತಂತೆ, ವಿಕಾರವೆಂಬುದು ಮಾತನ್ನು ಆಶ್ರಯಿಸಿದ ಹೆಸರು ಎಂದು ಬೋಧಿಸುತ್ತಾನೆ. ಆ ಗಟ್ಟಿಯನ್ನು ಚಿನ್ನವೆಂದೇ ವಿವರಿಸುವ ಶಂಕರರ ಅದ್ವೈತದಲ್ಲಿ ಕಾರಣವಾದ ದ್ರವ್ಯವೇ ಸತ್ಯ, ಬಳೆ ಸರಗಳೆಂಬ ನಾಮರೂಪಗಳಿಗೆ ಅದರಿಂದ ಬೇರೆಯಾದ ಇರವಿಲ್ಲ. ಹಳೆಯ ಚಿನ್ನವನ್ನು ಕರಗಿಸುವ ಮೂಸೆಯು ಈ ಬೋಧೆಗೆ ಕಣ್ಣೆದುರಿನ ಸಾಕ್ಷಿಯಂತೆ ತೋರುತ್ತದೆ, ಏಕೆಂದರೆ ಅದರಲ್ಲಿ ಹೆಸರುಗಳೆಲ್ಲ ಅಳಿದು ಲೋಹವೊಂದೇ ಉಳಿಯುತ್ತದೆ.

ಆದರೆ ಮೂಸೆಯ ಸಾಕ್ಷ್ಯವನ್ನು ಇನ್ನೊಂದು ಬಗೆಯಲ್ಲಿಯೂ ಓದಬಹುದು. ಕನ್ನಡದ ಜೈನ ಕವಿಗಳು ಕಾವ್ಯಾರಂಭದಲ್ಲಿ ಭಕ್ತಿಯಿಂದ ನೆನೆಯುವ ಆಚಾರ್ಯ ಸಮಂತಭದ್ರರು ತಮ್ಮ ‘ಆಪ್ತಮೀಮಾಂಸೆ’ಯಲ್ಲಿ ಚಿನ್ನದ ಕಲಶವನ್ನು ಅಳಿಸಿ ಕಿರೀಟ ಮಾಡುವ ದೃಷ್ಟಾಂತವನ್ನು ಕೊಡುತ್ತಾರೆ. ಆಗ ಕಲಶ ಬೇಕಾದವನು ದುಃಖಿಸುತ್ತಾನೆ, ಕಿರೀಟ ಬೇಕಾದವನು ಸಂತೋಷಿಸುತ್ತಾನೆ, ಚಿನ್ನವಷ್ಟೇ ಬೇಕಾದವನು ಎರಡೂ ಇಲ್ಲದೆ ಸಮಭಾವದಿಂದಿರುತ್ತಾನೆ. ಈ ಮೂರು ಭಾವಗಳಿಗೂ ವಸ್ತುವಿನಲ್ಲಿಯೇ ಕಾರಣವಿರುವುದರಿಂದ ನಾಶ, ಉತ್ಪತ್ತಿ, ಸ್ಥಿತಿಗಳು ಮೂರೂ ನಿಜವೆಂಬುದು ಅವರ ನಿಲುವು. ಉಳಿಯುವ ದ್ರವ್ಯವನ್ನು ನೋಡುವ ದೃಷ್ಟಿಗೆ ಜೈನ ತರ್ಕದಲ್ಲಿ ದ್ರವ್ಯಾರ್ಥಿಕ ನಯವೆಂದೂ, ಹುಟ್ಟಿ ಅಳಿಯುವ ಅವಸ್ಥೆಗಳನ್ನು, ಅಂದರೆ ಪರ್ಯಾಯಗಳನ್ನು, ನೋಡುವ ದೃಷ್ಟಿಗೆ ಪರ್ಯಾಯಾರ್ಥಿಕ ನಯವೆಂದೂ ಹೆಸರು. ಹಳೆಯ ಚಿನ್ನವನ್ನು ಕೊಳ್ಳುವವನು ಮೊದಲನೆಯ ನಯದಲ್ಲಿ ನಿಂತವನು. ತಾಯಿಯ ಬಳೆಯನ್ನು ಕಷ್ಟಕಾಲದಲ್ಲಿ ಮಾರುವ ಮಗಳ ಕಣ್ಣೀರು ಎರಡನೆಯದಕ್ಕೆ ಸೇರಿದ್ದು. ಗ್ರಾಂ ಲೆಕ್ಕದಲ್ಲಿ ಏನೂ ಕಳೆಯದಿದ್ದರೂ ಬಳೆಯೊಂದು ನಿಜವಾಗಿ ಇಲ್ಲವಾಗಿರುವುದರಿಂದ ಆಕೆಯ ದುಃಖವನ್ನು ಭ್ರಮೆಯೆನ್ನುವಂತಿಲ್ಲ.

ಶುದ್ಧಿಯ ವಿಚಾರದಲ್ಲಿಯೂ ಈ ವಿವೇಕ ಅಗತ್ಯ. ಚಾವುಂಡರಾಯನ ಗುರುಗಳೆಂದು ಪ್ರಸಿದ್ಧರಾದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ‘ಗೊಮ್ಮಟಸಾರ’ದಲ್ಲಿ ಜೀವಕ್ಕೂ ಕರ್ಮಕ್ಕೂ ಇರುವ ಸಂಬಂಧವನ್ನು ಚಿನ್ನದ ಅದಿರಿಗೂ ಅದರ ಮಲಕ್ಕೂ ಇರುವ ಅನಾದಿ ಸಂಬಂಧಕ್ಕೆ ಹೋಲಿಸುತ್ತಾರೆ. ಲೋಹಶೋಧನೆಯ ಕ್ರಮವನ್ನು ಬಲ್ಲವರಿಗೆ ಈ ಹೋಲಿಕೆಯ ಆಳ ತಿಳಿಯುತ್ತದೆ. ಕೌಟಿಲ್ಯನ ‘ಅರ್ಥಶಾಸ್ತ್ರ’ವು, ಅಕ್ಕಸಾಲೆ ಎಂಬ ಕನ್ನಡ ಮಾತಿಗೆ ಮೂಲವಾದ ಅಕ್ಷಶಾಲೆಯ ಕೆಲಸಗಳನ್ನು ವಿವರಿಸುವಾಗ, ಕಲ್ಮಷದ ನಾಲ್ಕು ಪಟ್ಟು ಸೀಸ ಸೇರಿಸಿ ಚಿನ್ನವನ್ನು ಶೋಧಿಸಬೇಕೆನ್ನುತ್ತದೆ. ಇಂದಿನ ಅಗ್ನಿಪರೀಕ್ಷೆಯಲ್ಲಿಯೂ ತಾಮ್ರದಂಥ ಲೋಹಗಳು ಕಾದ ಸೀಸದೊಡನೆ ಸರಂಧ್ರ ಮೂಸೆಯೊಳಗೆ ಇಂಗುತ್ತವೆ, ಬೆಳ್ಳಿಯನ್ನು ನೈಟ್ರಿಕ್ ಆಮ್ಲ ಕರಗಿಸಿ ತೆಗೆಯುತ್ತದೆ. ಬೆಂಕಿಯಾಗಲಿ ಆಮ್ಲವಾಗಲಿ ಚಿನ್ನವನ್ನು ಹುಟ್ಟಿಸುವುದಿಲ್ಲ. ಮಿಶ್ರಣದಲ್ಲಿದ್ದಾಗಲೂ ಚಿನ್ನವಾಗಿಯೇ ಇದ್ದುದನ್ನು ಬಿಡಿಸಿ ತೋರಿಸುತ್ತದೆ. ತಪಸ್ಸು ಜೀವಕ್ಕೆ ಹೊಸ ಗುಣವನ್ನು ತಂದುಕೊಡದೆ ಇದ್ದ ಗುಣವನ್ನೇ ಪ್ರಕಟಪಡಿಸುತ್ತದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಒಪ್ಪುವ ಉಪಮೆ ಸಿಗಲಾರದು.

ಆದರೂ ಅದಿರಿನ ಮಲಕ್ಕೂ ಒಡವೆಯ ತಾಮ್ರಕ್ಕೂ ಒಂದು ಭೇದವಿದೆ. ಮೊದಲನೆಯದು ಗಣಿಯಿಂದಲೇ ಬಂದದ್ದು, ಎರಡನೆಯದು ಅಕ್ಕಸಾಲಿಗನು ಬೇಕೆಂದೇ ಸೇರಿಸಿದ್ದು. ಬಳೆಯು ಕೈಯಲ್ಲಿದ್ದಷ್ಟು ಕಾಲ ಅದು ಬಾಗದಂತೆ, ಸವೆಯದಂತೆ ಕಾಯ್ದ ತಾಮ್ರವೇ ಮಾರುವ ದಿನ ಬೆಲೆಯಿಂದ ಕಳೆಯಬೇಕಾದ ಕಲಬೆರಕೆಯಾಗುತ್ತದೆ. ತಾಮ್ರ ಬದಲಾಗಿಲ್ಲ, ಬದಲಾದದ್ದು ನಯ. ಒಡವೆಯಾಗಿ ನೋಡಿದರೆ ಅದು ಬಲ, ಲೋಹವಾಗಿ ನೋಡಿದರೆ ಅದು ಕೊರತೆ.

ಅನೇಕಾಂತವೆಂದರೆ ವಸ್ತು ಅನೇಕ ಧರ್ಮಗಳನ್ನುಳ್ಳದ್ದೆಂಬ ತತ್ತ್ವ. ಅದರ ಪ್ರಕಾರ ಒಂದು ನಯದಿಂದ ಕಂಡದ್ದು ಸುಳ್ಳಲ್ಲ, ಆದರೆ ಉಳಿದ ನಯಗಳನ್ನು ಅಲ್ಲಗಳೆದಾಗ ಅದೇ ದುರ್ನಯವಾಗುತ್ತದೆ. ಆದ್ದರಿಂದ ಒರೆಗಲ್ಲು ಮತ್ತು ತಕ್ಕಡಿಯ ಮಾತನ್ನು ಗೌರವಿಸಬೇಕು, ಅಲ್ಲಿ ಒಂದು ಗುಲಗಂಜಿಯಷ್ಟೂ ವಂಚನೆ ಸಲ್ಲದು. ಆದರೆ ಆ ಮಾತಿನ ಎಲ್ಲೆಯನ್ನೂ ಅರಿತಿರಬೇಕು. ‘ಇದರಲ್ಲಿ ಇಷ್ಟು ಚಿನ್ನವಿದೆ’ ಎಂಬುದು ಪರೀಕ್ಷೆಯಿಂದ ಸಿದ್ಧವಾದ ಸತ್ಯ. ‘ಇದು ಇಷ್ಟೇ’ ಎಂಬುದನ್ನು ಯಾವ ಒರೆಗಲ್ಲೂ ಹೇಳಿಲ್ಲ.