ಮೊಡವೆ, ಮುಖಲೇಪ ಮತ್ತು ಶ್ರಾವಕಧರ್ಮ

ದ್ವಾದಶ ಅನುಪ್ರೇಕ್ಷೆಗಳಲ್ಲಿ ಆರನೆಯದು ಅಶುಚಿ ಅನುಪ್ರೇಕ್ಷೆ. ಈ ದೇಹವು ಸಪ್ತಧಾತುಮಯವಾದುದು, ಎಷ್ಟು ತೊಳೆದರೂ ಸ್ವಭಾವತಃ ಶುದ್ಧವಾಗದು ಎಂಬ ಭಾವನೆಯನ್ನು ನಾವೆಲ್ಲರೂ ಬಾಲ್ಯದಿಂದ ಕೇಳುತ್ತ ಬಂದವರು. ಹೀಗಿರುವಾಗ ಹದಿನೇಳು ವರ್ಷದ ಮಗಳು ಕನ್ನಡಿಯ ಮುಂದೆ ನಿಂತು ಕೆನ್ನೆಯ ಮೊಡವೆಗಳಿಗೆ ಔಷಧ ಹಚ್ಚಿ, ಅದರ ಮೇಲೆ ಕಲೆ ಕಾಣದಂತೆ ಬಣ್ಣ ಲೇಪಿಸಿಕೊಂಡು ಕಾಲೇಜಿಗೆ ಹೊರಟರೆ, "ಈ ಮಾಂಸಪಿಂಡಕ್ಕೆ ಇಷ್ಟು ಉಪಚಾರವೇ?" ಎಂದು ಮನೆಯ ಹಿರಿಯರು ಗದರಿಸುವುದುಂಟು. ಆ ಗದರಿಕೆ ಶಾಸ್ತ್ರಸಮ್ಮತವೇ ಎಂಬುದು ನನ್ನ ಪ್ರಶ್ನೆ. ವಿಷಯವು ಧರ್ಮಪತ್ರಿಕೆಗೆ ಲಘುವಾಯಿತೆಂದು ಕೆಲವರಿಗೆ ತೋರಬಹುದು. ಅಜ್ಜಂಪುರದ ನಮ್ಮ ಕಿರಾಣಿ ಅಂಗಡಿಯಲ್ಲಿ ಸೋಪು, ಪೌಡರು, ಕ್ರೀಮುಗಳಿಗೆಂದೇ ಒಂದು ಕಪಾಟು ಇದೆ. ಅದರ ಮುಂದೆ ಮುಖವನ್ನು ಸೆರಗಿನಿಂದ ಅರ್ಧ ಮರೆಮಾಡಿ ನಿಲ್ಲುವ ಮಕ್ಕಳನ್ನು ಬಹುಕಾಲದಿಂದ ಕಂಡಿರುವ ನನಗೆ ಅದು ಲಘುವೆನಿಸುವುದಿಲ್ಲ.

ಮೊದಲು ರೋಗದ ಸ್ವರೂಪವನ್ನು ತಿಳಿಯಬೇಕು. ಏಕೆಂದರೆ ಅರ್ಧ ಅಪವಾದ ಅಜ್ಞಾನದಿಂದಲೇ ಹುಟ್ಟುತ್ತದೆ. ಮೊಡವೆಯು ಕೊಳೆಯಿಂದ ಬರುವುದಲ್ಲ, ಸೋಮಾರಿತನದಿಂದಲೂ ಬರುವುದಲ್ಲ. ಚರ್ಮದ ರೋಮಕೂಪಗಳ ಪಕ್ಕದಲ್ಲಿ ಜಿಡ್ಡನ್ನು ಸ್ರವಿಸುವ ಸಣ್ಣ ಗ್ರಂಥಿಗಳಿವೆ. ಪ್ರಾಯ ಬಂದಾಗ ಹಾರ್ಮೋನುಗಳ ಪ್ರಚೋದನೆಯಿಂದ ಅವು ಹೆಚ್ಚು ಜಿಡ್ಡನ್ನು ಸುರಿಸುತ್ತವೆ. ಉದುರಬೇಕಾದ ಸತ್ತ ಚರ್ಮಕೋಶಗಳು ಆ ಜಿಡ್ಡಿನೊಡನೆ ಕಲಸಿ ರಂಧ್ರವನ್ನು ಮುಚ್ಚುತ್ತವೆ. ಒಳಗೆ ಸಹಜವಾಗಿಯೇ ಇರುವ ಬ್ಯಾಕ್ಟೀರಿಯಾ ವೃದ್ಧಿಯಾಗಿ ಉರಿಯೂತ ಉಂಟಾಗುತ್ತದೆ. ತಂದೆತಾಯಿಗಳಿಗೆ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು. ದಿನಕ್ಕೆ ಹತ್ತು ಬಾರಿ ಮುಖ ತೊಳೆದರೆ ಇದು ಹೋಗದು; ಸೂಕ್ಷ್ಮ ಚರ್ಮದವರಿಗೆ ಉರಿ ಹೆಚ್ಚುವುದೊಂದೇ ಫಲ. ಒಳಗೆ ಗಂಟುಕಟ್ಟುವ ಬಗೆಯ ಮೊಡವೆಯು ನೋವನ್ನೂ ಕೊಡುತ್ತದೆ, ಜೀವನಪರ್ಯಂತ ಗುಳಿಗಳನ್ನೂ ಉಳಿಸುತ್ತದೆ. ಜ್ವರಕ್ಕೆ ಕಷಾಯ ಕುಡಿಯುವವನನ್ನು ದೇಹಮೋಹಿಯೆಂದು ನಾವು ಕರೆಯುವುದಿಲ್ಲ. ಮುಖದ ಮೇಲೆ ಬಂದ ರೋಗಕ್ಕೆ ಮಾತ್ರ ಏಕೆ ಬೇರೆ ನ್ಯಾಯ?

ಮುನಿಗಳ ಮಾತು ಬೇರೆ. ಅವರ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು. ಅದನ್ನು ಗೃಹಸ್ಥರ ಮಕ್ಕಳ ಮೇಲೆ ಹೊರಿಸುವುದು ಪಾಂಡಿತ್ಯವಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಉಪವಾಸದ ದಿನ ಶ್ರಾವಕನು ಅಲಂಕಾರ, ಗಂಧ, ಪುಷ್ಪ, ಸ್ನಾನ, ಅಂಜನಗಳನ್ನು ಬಿಡಬೇಕೆಂದು ವಿಧಿಸುತ್ತಾರೆ. ಉಪವಾಸದಂದು ಬಿಡಬೇಕೆಂದು ಹೇಳಿದರೆ, ಉಳಿದ ದಿನಗಳಲ್ಲಿ ಗೃಹಸ್ಥನು ಅವನ್ನು ಬಳಸುತ್ತಾನೆಂಬುದನ್ನು ಆಚಾರ್ಯರು ಒಪ್ಪಿದಂತೆಯೇ. ಭೋಗೋಪಭೋಗ ಪರಿಮಾಣ ವ್ರತವು ಕೇಳುವುದು ಮಿತಿಯನ್ನು.

ಅದೇ ಗ್ರಂಥದಲ್ಲಿ ಸಮ್ಯಗ್ದರ್ಶನದ ಮೂರನೆಯ ಅಂಗವಾಗಿ ನಿರ್ವಿಚಿಕಿತ್ಸೆ ಬರುತ್ತದೆ. ದೇಹ ಅಶುಚಿಯೆಂಬುದನ್ನು ಆಚಾರ್ಯರು ಅಲ್ಲಿ ಅಲ್ಲಗಳೆಯುವುದಿಲ್ಲ. ಆದರೆ ಆ ಕಾರಣಕ್ಕೆ ರತ್ನತ್ರಯಧಾರಿಯ ದೇಹವನ್ನು ಕಂಡು ಜಿಗುಪ್ಸೆಪಡದೆ ಗುಣದಲ್ಲಿ ಪ್ರೀತಿಯಿಡಬೇಕೆನ್ನುತ್ತಾರೆ. ಇದಕ್ಕೆ ದೃಷ್ಟಾಂತನಾದ ಉದ್ದಾಯನ ರಾಜನು ರೋಗಗ್ರಸ್ತ ಮುನಿಯ ವೇಷದಲ್ಲಿ ಬಂದವನನ್ನು ಹೇಸದೆ ಉಪಚರಿಸಿದ ಕಥೆ ಎಲ್ಲರಿಗೂ ತಿಳಿದದ್ದೇ. ಅಶುಚಿ ಅನುಪ್ರೇಕ್ಷೆಯು ನನ್ನ ದೇಹವನ್ನು ಕುರಿತು ನಾನು ಮಾಡಬೇಕಾದ ಚಿಂತನೆ. ಅದನ್ನು ಇನ್ನೊಬ್ಬರ ಕೆನ್ನೆಯತ್ತ ಬೆರಳು ತೋರಿಸಲು ಬಳಸಿದಾಗ ಅದು ಅನುಪ್ರೇಕ್ಷೆಯಾಗಿ ಉಳಿಯದೆ ಜಿಗುಪ್ಸೆಯಾಗುತ್ತದೆ. "ಎಲ್ಲಾ ಪೂರ್ವಕರ್ಮ" ಎಂದು ಮಗುವಿನ ಎದುರಿಗೇ ಹೇಳುವ ಅಭ್ಯಾಸವೂ ಹೀಗೆಯೇ. ಅಸಾತವೇದನೀಯದ ಉದಯ ನಿಜವಿರಬಹುದು. ಆದರೆ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯವು ದುಃಖ, ಶೋಕ, ತಾಪಗಳನ್ನು ತನ್ನಲ್ಲಾಗಲಿ, ಪರರಲ್ಲಾಗಲಿ, ಇಬ್ಬರಲ್ಲಾಗಲಿ ಉಂಟುಮಾಡುವುದೇ ಆ ಕರ್ಮದ ಆಸ್ರವಕ್ಕೆ ಕಾರಣವೆನ್ನುತ್ತದೆ. ಮಗಳ ಹಳೆಯ ಕರ್ಮವನ್ನು ಎಣಿಸುತ್ತ ಕುಳಿತ ಅಜ್ಜಿ ತನ್ನ ಲೆಕ್ಕಕ್ಕೆ ಹೊಸ ಜಮಾ ಸೇರಿಸಿಕೊಳ್ಳುತ್ತಿರುತ್ತಾಳೆ!

'ತನ್ನಲ್ಲಾಗಲಿ' ಎಂಬ ಪದವನ್ನು ಮಕ್ಕಳೂ ಗಮನಿಸಬೇಕು. ಉಗುರಿನಿಂದ ಮೊಡವೆಯನ್ನು ಚಿವುಟುವುದು, ಒರಟಾದ ಪುಡಿಯಿಂದ ಉಜ್ಜುವುದು, ನಿಂಬೆರಸ ಹಚ್ಚಿ ಬಿಸಿಲಿಗೆ ಹೋಗುವುದು, ರಾತ್ರಿ ಟೂತ್‌ಪೇಸ್ಟ್ ಮೆತ್ತಿ ಮಲಗುವುದು ಇವೆಲ್ಲ ಸ್ವಹಿಂಸೆಯೇ. ಕಡೂರು, ತರೀಕೆರೆ ಸೀಮೆಯವರಾದ ನಮಗೆ ಕೊಬ್ಬರಿ ಎಣ್ಣೆ ಸರ್ವೌಷಧ. ತಲೆಗೂ ಮೈಗೂ ಒಳ್ಳೆಯದಾದ ಅದು ಜಿಡ್ಡಿನ ಮುಖದ ರಂಧ್ರಗಳನ್ನು ಮುಚ್ಚಿ ಮೊಡವೆಯನ್ನು ಹೆಚ್ಚಿಸಬಲ್ಲದು. ನಿರ್ದೋಷ ವಸ್ತುವೆಂದ ಮಾತ್ರಕ್ಕೆ ಎಲ್ಲ ಚರ್ಮಕ್ಕೂ ಹಿತವೆಂದಲ್ಲ. ಜೇನುತುಪ್ಪದ ಲೇಪವನ್ನು ವಾರಪತ್ರಿಕೆಗಳು ಪದೇಪದೇ ಸೂಚಿಸುತ್ತವೆ. ಮದ್ಯ, ಮಾಂಸ, ಮಧು ಎಂಬ ಮೂರನ್ನೂ ಬಿಟ್ಟವರ ಮನೆಯಲ್ಲಿ ಬಾಯಿಗೆ ಬೇಡವಾದ ಮಧು ಕೆನ್ನೆಗೆ ಹೇಗೆ ಬಂದಿತು ಎಂದು ಯಾರೂ ಕೇಳಿದ್ದನ್ನು ನಾನು ಕಾಣೆ.

ಇವೆಲ್ಲಕ್ಕಿಂತ ಘೋರವಾದುದು ಸ್ಟೀರಾಯ್ಡ್ ಕ್ರೀಮುಗಳ ಹಾವಳಿ. ಕಜ್ಜಿ, ಇಸುಬುಗಳಿಗೆ ವೈದ್ಯರು ಕೆಲವೇ ದಿನಗಳಿಗೆ ಬರೆದುಕೊಡುವ ಈ ಔಷಧಗಳನ್ನು 'ಬೆಳ್ಳಗಾಗುವ ಕ್ರೀಮು' ಎಂದು ತಿಂಗಳುಗಟ್ಟಲೆ ಹಚ್ಚಿಕೊಳ್ಳುವ ರೂಢಿ ದೇಶದಾದ್ಯಂತ ಬೆಳೆಯಿತು. ಮೊದಲ ವಾರ ಮುಖ ಹೊಳೆಯುತ್ತದೆ. ಬಳಿಕ ಚರ್ಮ ತೆಳುವಾಗಿ ರಕ್ತನಾಳಗಳು ಕಾಣುತ್ತವೆ, ಮೊಡವೆ ಉಲ್ಬಣಿಸುತ್ತದೆ, ನಿಲ್ಲಿಸಿದರೆ ಉರಿ ತಡೆಯಲಾಗದು. ಚರ್ಮವೈದ್ಯರ ಸಂಘದ ದೀರ್ಘ ಹೋರಾಟದ ಫಲವಾಗಿ 2018ರಲ್ಲಿ ಕೇಂದ್ರ ಸರ್ಕಾರವು ಇಂತಹ 14 ಔಷಧಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದ ಪಟ್ಟಿಗೆ ಸೇರಿಸಿತು. ಆದರೂ ಚೀಟಿ ಇಲ್ಲದೆ ಕೊಡುವವರಿದ್ದಾರೆ, ಕೇಳುವವರೂ ಇದ್ದಾರೆ. ಔಷಧದಂಗಡಿ ನಡೆಸುವ ಸಮಾಜಬಾಂಧವರು ಇದನ್ನು ಕೇವಲ ಕಾನೂನಿನ ಪ್ರಶ್ನೆಯೆಂದು ತಿಳಿಯಬಾರದು. ಸರಕಿನ ಗುಣವನ್ನು ಬಲ್ಲ ಮಾರುವವನು ಅದನ್ನು ಅರಿಯದ ಕೊಳ್ಳುವವಳ ಮುಖವನ್ನು ಸುಡುವುದು ಯಾವ ಅಣುವ್ರತಕ್ಕೆ ಹೊಂದುತ್ತದೆ?

ಸರಿಯಾದ ಕ್ರಮ ಸರಳವಾಗಿದೆ, ಅದಕ್ಕೆ ಬೇಕಾದುದು ತಾಳ್ಮೆ. ದಿನಕ್ಕೆ ಎರಡು ಬಾರಿ ಮೃದುವಾದ, ಸುವಾಸನೆಯಿಲ್ಲದ ಫೇಸ್‌ವಾಶ್, ರಂಧ್ರ ಮುಚ್ಚದ ಹಗುರ ಮಾಯಿಶ್ಚರೈಸರ್, ಏಕೆಂದರೆ ಜಿಡ್ಡಿನ ಚರ್ಮವೂ ಒಣಗಿ ಕೆರಳುವುದುಂಟು, ಹಗಲಿನಲ್ಲಿ ಸನ್‌ಸ್ಕ್ರೀನ್. ಸ್ಯಾಲಿಸಿಲಿಕ್ ಆಮ್ಲ, ಬೆಂಜಾಯಿಲ್ ಪೆರಾಕ್ಸೈಡ್, ಅಡಾಪಲೀನ್ ಮೊದಲಾದ ಔಷಧಗಳನ್ನು ವೈದ್ಯರ ಸಲಹೆಯಂತೆ ಒಂದೊಂದಾಗಿ, ಅಲ್ಪ ಪ್ರಮಾಣದಲ್ಲಿ ಆರಂಭಿಸಬೇಕು. ಫಲ ಕಾಣಲು 8ರಿಂದ 12 ವಾರಗಳು ಬೇಕು. ನಮ್ಮ ಕಡೆಯವರು ಶಿವಮೊಗ್ಗಕ್ಕೋ ದಾವಣಗೆರೆಗೋ ಹೋಗಿ ಚರ್ಮವೈದ್ಯರನ್ನು ಕಂಡು, ಹದಿನೈದು ದಿನಕ್ಕೇ ಗುಣವಾಗಲಿಲ್ಲವೆಂದು ಬಿಟ್ಟುಬಿಡುತ್ತಾರೆ. ತೀವ್ರವಾದ ಮೊಡವೆಗೆ ಕೊಡುವ ಐಸೋಟ್ರೆಟಿನಾಯಿನ್ ಗುಳಿಗೆಯನ್ನು ಗರ್ಭಿಣಿಯರು ಸರ್ವಥಾ ಸೇವಿಸಕೂಡದು. ಗರ್ಭಸ್ಥ ಶಿಶುವಿಗೆ ಭೀಕರ ಹಾನಿಯಾಗುತ್ತದೆ. ಅದರ ಮೃದು ಕವಚವು ಸಾಮಾನ್ಯವಾಗಿ ಪ್ರಾಣಿಜನ್ಯ ಜೆಲಾಟಿನ್‌ನಿಂದ ಆದುದೆಂಬುದನ್ನೂ ತಿಳಿದಿರಬೇಕು. ವ್ರತವನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಪರ್ಯಾಯವಿದೆಯೇ ಎಂದು ಅವರು ಯೋಚಿಸುತ್ತಾರೆ. ಪರ್ಯಾಯವಿಲ್ಲದಾಗ ಏನು ಮಾಡಬೇಕೆಂಬುದು ಆಯಾ ಕುಟುಂಬದ ವಿವೇಕಕ್ಕೆ ಬಿಟ್ಟದ್ದು.

ಇಲ್ಲಿಂದ ಮುಂದಿನದು ನಿಜವಾದ ಹಿಂಸೆಯ ವಿಷಯ. ಹಿರಿಯರು ಗದರಿಸಬೇಕಾದರೆ ಗದರಿಸಬೇಕಾದ ಸ್ಥಳ ಇದು. ಡಬ್ಬಿಯೊಳಗೆ ಏನಿದೆ? ಕ್ರೀಮನ್ನು ಗಟ್ಟಿಮಾಡುವ ಸ್ಟಿಯರಿಕ್ ಆಮ್ಲವು ತಾಳೆ ಎಣ್ಣೆಯಿಂದಲೂ ಬರಬಹುದು, ದನದ ಕೊಬ್ಬಿನಿಂದಲೂ ಬರಬಹುದು. ಗ್ಲಿಸರಿನ್‌ಗೂ ಇದೇ ಮಾತು. ಅಮೃತಮಹಲ್ ದನಗಳ ತಳಿಕೇಂದ್ರವಿರುವ ಊರಿನ ನಾವು ಆ ದನಗಳ ಗಾಂಭೀರ್ಯವನ್ನು ಕೊಂಡಾಡುತ್ತ, ಅವುಗಳ ಬಂಧುಗಳ ಕೊಬ್ಬನ್ನು ತಿಳಿಯದೆ ಮುಖಕ್ಕೆ ಸವರಿಕೊಳ್ಳುತ್ತಿರಬಹುದು. ಸ್ಕ್ವಾಲೀನ್ ಎಂಬುದನ್ನು ಬಹುಕಾಲ ತಿಮಿಂಗಿಲವಲ್ಲದ ಇನ್ನೊಂದು ಬಡಪ್ರಾಣಿಯ, ಅಂದರೆ ಶಾರ್ಕ್ ಮೀನಿನ ಯಕೃತ್ತಿನಿಂದ ತೆಗೆಯುತ್ತಿದ್ದರು, ಈಗಲೂ ತೆಗೆಯುವುದುಂಟು. ಆಲಿವ್ ಮತ್ತು ಕಬ್ಬಿನಿಂದ ತಯಾರಾದ ಸ್ಕ್ವಾಲೇನ್ ಕೂಡ ದೊರೆಯುತ್ತದೆ. ಕೊಲ್ಲಾಜೆನ್ ಎಂದರೆ ಮೀನಿನ ಅಥವಾ ದನದ ಚರ್ಮ. ಕೊರಿಯಾದಿಂದ ಬಂದ ಹೊಸ ಗೀಳು ಬಸವನಹುಳುವಿನ ಲೋಳೆ.

ತುಟಿ ಮತ್ತು ಕೆನ್ನೆಗಳ ಕೆಂಪಿನ ಕಥೆ ವ್ಯಾಪಾರಿಯಾದ ನನಗೆ ವಿಶೇಷವಾಗಿ ತೋರುತ್ತದೆ. ಆಶಾಧರರ ಸಾಗಾರಧರ್ಮಾಮೃತವೂ ಹೇಮಚಂದ್ರರ ಯೋಗಶಾಸ್ತ್ರವೂ ಶ್ರಾವಕನು ಬಿಡಬೇಕಾದ ಹದಿನೈದು ಕ್ರೂರ ಉದ್ಯಮಗಳಲ್ಲಿ ಲಾಕ್ಷಾವಾಣಿಜ್ಯವನ್ನು, ಅಂದರೆ ಅರಗಿನ ವ್ಯಾಪಾರವನ್ನು, ಎಣಿಸುತ್ತವೆ. ಅರಗು ಕೀಟಗಳ ರಾಶಿ. ಅಂದು ಪಾದಕ್ಕೂ ತುಟಿಗೂ ಹಚ್ಚುತ್ತಿದ್ದ ಅಲಕ್ತಕದ ಕೆಂಪು ಅದರಿಂದಲೇ ಬರುತ್ತಿತ್ತು. ಇಂದು ಆ ಸ್ಥಾನಕ್ಕೆ ಕಾರ್ಮೈನ್ ಬಂದಿದೆ. ಪಾಪಾಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಎಂಬ ಕೀಟವನ್ನು ಒಣಗಿಸಿ ಅರೆದು ತೆಗೆಯುವ ಬಣ್ಣವಿದು. ಒಂದು ಪೌಂಡಿಗೆ ಸುಮಾರು 70 ಸಾವಿರ ಕೀಟಗಳು ಬೇಕೆಂದು ಲೆಕ್ಕ ಹೇಳುತ್ತಾರೆ. ಹದಿನೆಂಟನೆಯ ಶತಮಾನದ ಕೊನೆಗೆ ಈಸ್ಟ್ ಇಂಡಿಯಾ ಕಂಪನಿಯು ಈ ಕೀಟವನ್ನು ಮದರಾಸಿನಲ್ಲಿ ಸಾಕಲು ಯತ್ನಿಸಿದ್ದೂ ಉಂಟು. ಡಬ್ಬಿಯ ಮೇಲೆ ಇದರ ಹೆಸರು ಸಿ.ಐ. 75470 ಎಂಬ ಬರಿಯ ಅಂಕಿಯಾಗಿ ಅಡಗಿರುತ್ತದೆ. ಆ ಅಂಕಿಯನ್ನು ನಮ್ಮ ಹೆಣ್ಣುಮಕ್ಕಳು ಕಂಠಪಾಠ ಮಾಡುವುದು ಒಳ್ಳೆಯದು.

ಕಾನೂನು ಎಷ್ಟು ನೆರವಾಗುತ್ತದೆ? ಮೊಲಗಳ ಕಣ್ಣಿಗೆ ರಾಸಾಯನಿಕ ಸುರಿದು ಪರೀಕ್ಷಿಸುವ ಡ್ರೇಜ್ ವಿಧಾನ 1944ರಲ್ಲಿ ಅಮೆರಿಕದಲ್ಲಿ ರೂಪುಗೊಂಡಿತು. ಭಾರತವು 2014ರಲ್ಲಿ ಪ್ರಸಾಧನಗಳಿಗಾಗಿ ಪ್ರಾಣಿಪರೀಕ್ಷೆಯನ್ನೂ, ಹಾಗೆ ಪರೀಕ್ಷಿಸಿದ ಸರಕಿನ ಆಮದನ್ನೂ ನಿಷೇಧಿಸಿತು. ಇದು ನಾವು ಹೆಮ್ಮೆಪಡಬೇಕಾದ ಕಾರ್ಯ. ಆದರೆ ಪ್ರಾಣಿಯ ಮೇಲೆ ಪರೀಕ್ಷಿಸದಿರುವುದು ಒಂದು, ಪ್ರಾಣಿಯಿಂದ ಮಾಡದಿರುವುದು ಇನ್ನೊಂದು. ಸೋಪು, ಪ್ರಸಾಧನಗಳ ಮೇಲೆ ಹಸಿರು ಅಥವಾ ಕಂದು ಚುಕ್ಕೆ ಇರಬೇಕೆಂಬ ನಿಯಮ ಅದೇ 2014ರಲ್ಲಿ ಹೊರಟಿತು. ಆದರೂ ಅಂಗಡಿಗೆ ಬರುವ ಡಬ್ಬಿಗಳಲ್ಲಿ ಕೆಲವಕ್ಕೆ ಚುಕ್ಕೆಯಿದೆ, ಕೆಲವಕ್ಕೆ ಇಲ್ಲ. ಚುಕ್ಕೆಯಿಲ್ಲದುದರ ಬಗ್ಗೆ ತಯಾರಕರಿಗೆ ಪತ್ರ ಬರೆದು ಕೇಳುವುದೇ ದಾರಿ. ಹತ್ತು ಮನೆಯವರು ಕೇಳಿದರೆ ಉತ್ತರ ಬರುತ್ತದೆ. ಕಿರಾಣಿ ವ್ಯಾಪಾರದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ಕೊನೆಯದಾಗಿ, ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ: ಔಷಧವಿರಲಿ, ಕಲೆಯನ್ನು ಮುಚ್ಚುವ ಫೌಂಡೇಶನ್ ಮಾಯಾಚಾರವಲ್ಲವೇ? ಮಾಯೆಯು ತಿರ್ಯಂಚಗತಿಗೆ ಕಾರಣವೆಂದು ಸೂತ್ರಕಾರರು ಹೇಳಿದ್ದಾರೆ. ಒಳ್ಳೆಯ ಸರಕಿನ ರೂಪ ಕೊಟ್ಟು ಕೀಳನ್ನು ಮಾರುವ ಪ್ರತಿರೂಪಕವ್ಯವಹಾರವನ್ನು ಅಚೌರ್ಯಾಣುವ್ರತದ ಅತಿಚಾರವೆಂದಿದ್ದಾರೆ. ಈರುಳ್ಳಿ ಚೀಲದ ಬಾಯಿಗೆ ದಪ್ಪ ಗಡ್ಡೆಗಳನ್ನಿಟ್ಟು ಒಳಗೆ ಕೊಳೆತದ್ದನ್ನು ತುಂಬುವವನನ್ನು ನಮ್ಮ ಮಾರುಕಟ್ಟೆ ಚೆನ್ನಾಗಿ ಬಲ್ಲದು. ಮುಖಕ್ಕೆ ಬಣ್ಣ ಹಚ್ಚುವವಳೂ ಅವನಂತೆಯೇ ಎಂದು ಒಬ್ಬ ಹಿರಿಯರು ನನ್ನೊಡನೆ ವಾದಿಸಿದರು. ನಾನು ಒಪ್ಪಲಿಲ್ಲ. ಪ್ರತಿರೂಪಕವ್ಯವಹಾರಕ್ಕೆ ಕೊಳ್ಳುವವನೊಬ್ಬ ಬೇಕು, ಬೆಲೆ ಬೇಕು, ಅವನಿಗೆ ನಷ್ಟವಾಗಬೇಕು. ಕಾಲೇಜಿಗೆ ಹೋಗುವ ಹುಡುಗಿ ಯಾರಿಗೆ ಏನನ್ನು ಮಾರುತ್ತಿದ್ದಾಳೆ? ಅವಳು ಬಯಸುವುದು ಕೆನ್ನೆಯನ್ನು ನೋಡದೆ ಕಣ್ಣನ್ನು ನೋಡಿ ಮಾತನಾಡುವ ಜನರನ್ನು. ಹುಣ್ಣಿಗೆ ಪಟ್ಟಿ ಕಟ್ಟಿಕೊಂಡವನು ಯಾರನ್ನೂ ವಂಚಿಸುವುದಿಲ್ಲ. ರಂಧ್ರ ಮುಚ್ಚದ ಬಗೆಯ ಬಣ್ಣವನ್ನು ತೆಳುವಾಗಿ ಹಚ್ಚಿ, ರಾತ್ರಿ ಮಲಗುವ ಮುನ್ನ ಪೂರ್ಣವಾಗಿ ತೊಳೆಯುವವರೆಗೆ ಅದರಿಂದ ಚರ್ಮಕ್ಕೂ ದೋಷವಿಲ್ಲ, ಧರ್ಮಕ್ಕೂ ದೋಷವಿಲ್ಲವೆಂಬುದು ನನ್ನ ಅಭಿಪ್ರಾಯ.

ಆದರೆ ಮುಖವು ಸರಕಾಗುವ ಒಂದು ಸ್ಥಳ ನಮ್ಮಲ್ಲಿದೆ. ಅದು ಹೆಣ್ಣು ನೋಡುವ ಶಾಸ್ತ್ರ. ಅಲ್ಲಿ ಬೆಲೆ ಕಟ್ಟುವವರಿದ್ದಾರೆ, ತಿರುಗಿಸಿ ನೋಡುವವರಿದ್ದಾರೆ. ಅಂದು ಕಲೆಯನ್ನು ಮುಚ್ಚಿಕೊಂಡು ಕುಳಿತವಳನ್ನು ಮಾಯಾವಿನಿ ಎನ್ನುವ ಮುನ್ನ, ಅವಳನ್ನು ಅಲ್ಲಿ ಸರಕಿನಂತೆ ಕೂರಿಸಿದವರು ಯಾರೆಂದು ಕೇಳಬೇಕು. ಮೊಡವೆಯ ಗುಳಿಗಳಿರುವ ವರನ ಮುಖವನ್ನು ಯಾರೂ ಬೆಳಕಿಗೆ ಹಿಡಿದು ನೋಡಿದ್ದನ್ನು ನಾನು ಕೇಳಿಲ್ಲ.

ಬಸದಿಗಳ ಟ್ರಸ್ಟಿಗಳಲ್ಲಿ ಈ ಸಂದರ್ಭದಲ್ಲಿ ಒಂದು ನಿವೇದನೆಯಿದೆ. ನಮ್ಮ ವಧೂವರ ಸಮಾವೇಶಗಳ ಅರ್ಜಿಗಳಲ್ಲಿ ಎತ್ತರ, ವಿದ್ಯಾಭ್ಯಾಸ, ಉದ್ಯೋಗಗಳ ನಡುವೆ 'ಮೈಬಣ್ಣ' ಎಂಬ ಕಾಲಂ ಇನ್ನೂ ಅಲ್ಲಲ್ಲಿ ಅಚ್ಚಾಗುತ್ತಿದೆ. ಅದನ್ನು ತುಂಬುವ ತಂದೆಯರು ನಿಜ ಬರೆಯಲೋ ಬೇಡವೋ ಎಂದು ಲೇಖನಿ ಹಿಡಿದು ಕೂರುವುದನ್ನು ನೋಡಿದ್ದೇನೆ. ಮುಂದಿನ ಬಾರಿ ಅರ್ಜಿ ಅಚ್ಚಿಗೆ ಹೋಗುವಾಗ ಆ ಸಾಲನ್ನು ತೆಗೆದುಹಾಕಬೇಕು. ಸಮಾವೇಶದ ದಿನ ಚರ್ಮವೈದ್ಯರೊಬ್ಬರನ್ನು ಕರೆಸಿ ಮಕ್ಕಳಿಗೂ ತಾಯಂದಿರಿಗೂ ಒಂದು ಗಂಟೆ ಮಾತನಾಡಿಸಬೇಕು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದಕ್ಕೆ ವೈದ್ಯರ ಪ್ರಯಾಣ ವೆಚ್ಚವಷ್ಟೇ.